ಮಧ್ಯಸ್ಥರಿಲ್ಲದ ಸಂಧಾನ

"ಮೇಡಂ, ನೀವು ಹೇಳಿದ್ದನ್ನ ನಾನು ಒಪ್ಪಲ್ಲ!"

ಸಾಗರದ ಕಾಲೇಜಿನ ಸಭಾಂಗಣವೆಲ್ಲ ಹಿಂತಿರುಗಿ ನೋಡಿತು. ಎದ್ದು ನಿಂತವನು ಬೇರೆ ಯಾರೂ ಅಲ್ಲ, ಆದೀಶ್! ವೇದಿಕೆಯ ಮೇಲೆ ಮಾತಾಡುತ್ತಿದ್ದ ಜಿನಶ್ರೀಯ ಬೆರಳಿಗೆ ಹೋದ ತಿಂಗಳಷ್ಟೇ ನಿಶ್ಚಿತಾರ್ಥದ ಉಂಗುರ ತೊಡಿಸಿದವನು.

ಅವಳು ಹೊಸನಗರದಲ್ಲಿ, ಅವನು ತೀರ್ಥಹಳ್ಳಿಯಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕರು; ಇಬ್ಬರದೂ ಜೈನ ಮನೆತನ. ಶಾಂತಿ ಮಾತುಕತೆಗಳು ಫಲಿಸುವುದು ಯಾವಾಗ ಎಂಬುದು ಅಂದಿನ ವಿಚಾರ ಸಂಕಿರಣದ ವಿಷಯ. "ಯುದ್ಧ ಸಾಕಪ್ಪಾ ಅಂತ ಎರಡೂ ಕಡೆಯವರಿಗೆ ಅನ್ನಿಸ್ಬೇಕು. ಅಷ್ಟು ನೋವಾಗೋ ತನಕ ಮಾತುಕತೆ ವ್ಯರ್ಥ," ಎಂದಿದ್ದಳು ಜಿನಶ್ರೀ.

"ದಣಿದವರು ಯುದ್ಧ ನಿಲ್ಲಿಸ್ತಾರೆ, ಆದ್ರೆ ಒಬ್ಬರನ್ನೊಬ್ಬರು ನಂಬಲ್ಲ. ಇಬ್ಬರೂ ನಂಬೋ ಮೂರನೆಯವರು ಬಂದು ಹೊಣೆ ಹೊರಬೇಕು. ಮೇಡಂ ಅದನ್ನ ಓದಿದ ಹಾಗಿಲ್ಲ..."

ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಜಿನಶ್ರೀಯ ಮುಖ ಕೆಂಪಾಯಿತು. ನನ್ನವನೇ... ಎಲ್ಲರೆದುರು!

ಅಂದಿನಿಂದ ಅವಳು ಅವನ ಫೋನ್ ಎತ್ತಲಿಲ್ಲ. ಅವನಿಗೂ ನೋಯಲಿ, ಆಗ ತಾನಾಗಿಯೇ ಬರುತ್ತಾನೆ ಎಂದು ಕಾದಳು. ಅವನೋ, ಸೋದರಮಾವ ಪದ್ಮರಾಜರನ್ನು ಸಂಧಾನಕ್ಕೆ ಕಳಿಸಿದ! ಅವನ ತಪ್ಪಿಗೆ ಮಾವನ ಬಾಯಿ ಬೇಕಾ ಎಂದು ಅವಳು ಇನ್ನಷ್ಟು ಉರಿದು, ಉತ್ತರವನ್ನೇ ಕೊಡಲಿಲ್ಲ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಇವರಿಬ್ಬರದು ಅದರ ಉಲ್ಟಾ. ಹೇಳಿದ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿಯೇ ಕೆಟ್ಟರು.

ಒಂದು ಶನಿವಾರ ಮಧ್ಯಾಹ್ನ ಪದ್ಮರಾಜರು ಮತ್ತೆ ಬಂದರು. ಈ ಸಲ ಕೂರಲೂ ಇಲ್ಲ.

"ನಿಂಗೆ ಅವನು ಬೇಡ ಅಂತ ಅವನಿಗೆ ಅರ್ಥವಾಗಿದೆ ಕಣಮ್ಮ. ಈ ಸಂಬಂಧ ಇಲ್ಲಿಗೇ ಬಿಡೋಣ ಅಂದ."

"ಬೇಡ ಅಂತ ನಾನ್ಯಾವಾಗ ಅಂದೆ?"

"ಬೇಕು ಅಂತಾನೂ ಅನ್ಲಿಲ್ವಲ್ಲ!"

ನೊಂದವನು ತನ್ನ ಬಳಿ ಬರುವ ಬದಲು ದೂರವೇ ಹೋಗಿಬಿಡಬಹುದು ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಸಿಕ್ಕಿದ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೊರಟಳು.

ಮನೆಯ ಗೇಟಿನಲ್ಲೇ ಇದ್ದ ಆದೀಶ್ ಅವಳನ್ನು ಕಂಡು ಬೆಪ್ಪಾದ.

"ಜೊತೆಗೆ... ಯಾರು ಬಂದ್ರು?"

"ಯಾರೂ ಇಲ್ಲ. ನಾನೇ ಬಂದೆ! ಆವತ್ತು ನಂಗೆ ತುಂಬಾ ನೋವಾಯ್ತು ಆದೀಶ್. ಅದನ್ನ ಹೇಳೋ ಬದಲು ಸುಮ್ನಿದ್ದು ನಿಮ್ಮನ್ನ ನೋಯಿಸ್ದೆ. ನಂಗೆ ನೀವು ಬೇಕು."

ಅವನ ಕಣ್ಣು ತುಂಬಿತು. "ತಪ್ಪು ನಂದೇ. ನಾನು ಬಂದ್ರೆ ಬಾಗಿಲು ಹಾಕ್ತೀರೇನೋ ಅಂತ ಹೆದರಿ ಮಾವನ್ನ ಮುಂದೆ ಬಿಟ್ಟೆ. ಕ್ಷಮಿಸ್ತೀರಾ?"

"ಕ್ಷಮಿಸಿ ಆಯ್ತು. ಆದ್ರೆ ನನ್ನ ವಾದ ಮಾತ್ರ ಬಿಡಲ್ಲ!"

"ನಾನೂ ಬಿಡಲ್ಲ," ಎಂದವನು ಒಮ್ಮೆ ಆಕಾಶ ನೋಡಿದ. "ಊಟ ಮಾಡಿದ್ರಾ?"

"ಇಲ್ಲ... ಏನೂ ಸೇರ್ಲಿಲ್ಲ."

"ಹಾಗಾದ್ರೆ ಬೇಗ ಒಳಗೆ ನಡೀರಿ! ಹೊತ್ತು ಮುಳುಗಿದ್ಮೇಲೆ ನಮ್ಮಮ್ಮ ಅನ್ನ ಬಡಿಸಲ್ಲ. ಜಗಳ ಬೇಕಾದ್ರೆ ಕತ್ತಲಾದ್ಮೇಲೂ ಆಡ್ಬಹುದು."

ಅವಳು ಅಳುತ್ತಲೇ ನಕ್ಕಳು. "ದಿನಾ ಆಡ್ತೀರಾ?"

"ದಿನಾ. ಆದ್ರೆ ಎದುರಿಗೆ ನೀವೇ ಇರ್ಬೇಕು."