ನೀಲಂಗೆ ಒಂದು ಮನೆ

ಚಂದ್ರಮೋಹನ್ ಆರನೆಯ ಸಲ ನಾಯಿ ಕೇಳಿಕೊಂಡು ಬಂದಾಗ ಸುನಂದ ಹಾಲಿನ ಡೇರಿಗೆ ಬೀಗ ಹಾಕುತ್ತಿದ್ದಳು. ಅವನ ಬೈಕಿನ ಸದ್ದಿಗೇ ಅವಳ ಹುಬ್ಬು ಗಂಟಿಕ್ಕಿತು.

"ಇಲ್ಲ," ಎಂದಳು, ಅವನು ಬಾಯಿ ತೆರೆಯುವ ಮೊದಲೇ.

"ನಾನಿನ್ನೂ ಏನೂ ಕೇಳಿಲ್ವಲ್ಲ ಮೇಡಂ."

"ಇನ್ನೇನಿದೆ ಕೇಳೋಕೆ? ಹೋದ ವಾರ ಇಲ್ಲ ಅಂದೆ. ಅದರ ಹಿಂದಿನ ವಾರಾನೂ ಇಲ್ಲ ಅಂದೆ. ನಿಮಗೆ ಬೇರೆ ಕೆಲಸ ಇಲ್ವಾ?"

"ಇದೆ. ಮುಗಿಸ್ಕೊಂಡೇ ಬಂದೆ. ಬೈಸ್ಕೊಳ್ಳೋಕೆ ಪುರುಸೊತ್ತು ಬೇಕಲ್ಲ."

ಅವನು ನಗಲಿಲ್ಲ. ಆದರೆ ಕಣ್ಣಿನ ಅಂಚಿನಲ್ಲಿ ಒಂದು ಸಣ್ಣ ಗೆರೆ ಮೂಡಿ ಮಾಯವಾಯಿತು. ಅದನ್ನು ತಾನು ಗಮನಿಸಿದೆನಲ್ಲ ಎಂದು ಸುನಂದಳಿಗೆ ಇನ್ನಷ್ಟು ಸಿಟ್ಟು ಬಂತು. ನಲವತ್ತೆರಡು ವರ್ಷದ ಹೆಂಗಸು ಗಮನಿಸಬೇಕಾದ ಗೆರೆಯೇ ಅದು?

ಗೌನಿಪಲ್ಲಿಗೆ ಮೂರು ಮೈಲಿ ದೂರದ ಆ ಊರಿನ ಡೇರಿಗೆ ಸೆಕ್ರೆಟರಿಯಾಗಿ ಬಂದು ಅವಳಿಗೆ ಮೂರು ವರ್ಷವಾಗಿತ್ತು. ಕಳೆದ ಆಗಸ್ಟಿನಲ್ಲಿ ಹಸುಗಳ ಲಸಿಕೆಯ ಪಟ್ಟಿ ಬರೆದುಕೊಳ್ಳಲು ಹೋಗುತ್ತಿದ್ದಾಗ ಒಂದು ಮಾವಿನ ತೋಟದೊಳಗೆ ಏನೋ ಬೆಳ್ಳಗೆ ಬಿದ್ದಿದ್ದು ಕಂಡಿತು. ಬೇಲಿ ದಾಟಿ ನೋಡಿದರೆ ನಾಯಿ. ಕಾಯಿ ಕಾಯಲೆಂದು ಫಸಲಿನ ಗುತ್ತಿಗೆ ಹಿಡಿದವರು ಕಟ್ಟಿದ್ದು. ಸುಗ್ಗಿಯ ಕೊನೆಗೆ ಬರುವ ನೀಲಂ ಮಾವನ್ನೂ ಕಿತ್ತು, ಗುಡಿಸಲು ಬಿಚ್ಚಿ, ಪಾತ್ರೆ ಪಡಗ ಹೇರಿಕೊಂಡು ಹೋದವರು ನಾಯಿಯನ್ನು ಬಿಚ್ಚಿರಲಿಲ್ಲ. ಸರಪಳಿ ಮರಕ್ಕೆ ಸುತ್ತಿಕೊಂಡು ಗೇಣುದ್ದವಾಗಿತ್ತು. ಕುತ್ತಿಗೆಯ ಬೆಲ್ಟು ಮಾಂಸದೊಳಗೆ ಇಳಿದು ಹುಳ ಬಿದ್ದಿತ್ತು. ಮರದ ಬುಡದಲ್ಲಿ ನಿಂತ ಮಳೆನೀರಷ್ಟೇ ಅದರ ಜೀವ ಹಿಡಿದಿಟ್ಟಿರಬೇಕು. ಹಾಲಿನ ವ್ಯಾನಿನಲ್ಲೇ ಅದನ್ನು ಶ್ರೀನಿವಾಸಪುರದ ಪಶು ಆಸ್ಪತ್ರೆಗೆ ಸಾಗಿಸಿದ್ದಳು. ಬದುಕುವುದು ಅನುಮಾನ ಎಂದಿದ್ದರು ಡಾಕ್ಟರು. ಬದುಕಿತು. ಕೊನೆಯವರೆಗೂ ಉಳಿಯುವ ಆ ಹಣ್ಣಿನ ಹೆಸರನ್ನೇ ಅದಕ್ಕಿಟ್ಟಳು: ನೀಲಂ.

ತೋಟ ಚಂದ್ರಮೋಹನನದು. ಅವನ ಮೇಲಿನ ಸಿಟ್ಟಿಗೆ ಅವಳಿಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಜನವರಿ ಬಂದಿತ್ತು. ನೀಲಂ ಮೈಗೆ ಕೂದಲು ಬಂದಿತ್ತು. ಮನೆಯ ಓನರು ವೆಂಕಟರತ್ನಮ್ಮ ನಾಯಿಯನ್ನು ಸಾಗಹಾಕಲು ತೆಲುಗು ಬೆರೆಸಿ ಗಡುವು ಕೊಟ್ಟಾಗಿತ್ತು: "ಏಮ್ಮಾ ಸುನಂದ, ಸಂಕ್ರಾಂತಿಗೆ ನನ್ನ ಮೊಮ್ಮಕ್ಕಳು ಬರ್ತಾರೆ. ಅಷ್ಟರಲ್ಲಿ ಆ ಕುಕ್ಕನ ದಾಟಿಸ್ಬಿಡಮ್ಮ. ಇಲ್ಲಾಂದ್ರೆ ಇಬ್ರೂ ಜಾಗ ನೋಡ್ಕೊಳ್ಳಿ."

ನಾಯಿಗೆ ಮನೆ ಬೇಕು ಎಂದು ವಾಟ್ಸಾಪಿನಲ್ಲಿ ಫೋಟೋ ಹಾಕಿದ್ದಕ್ಕೆ ಫೋನುಗಳೇನೋ ಬರುತ್ತಿದ್ದವು.

"ಮೇಡಂ, ಕೋಳಿ ಫಾರಂ ಹತ್ರ ಕಟ್ಟಾಕೋಕೆ ಒಂದು ನಾಯಿ ಬೇಕಿತ್ತು. ಕಚ್ತದಾ?"

"ಅದು ಕಚ್ಚಲ್ಲ. ನಾನು ಕಚ್ತೀನಿ. ಇಡ್ರಿ ಫೋನು."

ಹೆಣ್ಣು ಎಂದ ಕೂಡಲೇ "ಅಯ್ಯೋ, ಬೇಡ ಬಿಡಿ" ಎಂದವರು ನಾಲ್ಕು ಜನ. ಆ ಧ್ವನಿ ಅವಳಿಗೆ ಹೊಸದಲ್ಲ. ಅವಳು ಹುಟ್ಟಿದಾಗ ಅವಳಪ್ಪನೂ ಇದೇ ಧ್ವನಿಯಲ್ಲಿ ಹೀಗೇ ಅಂದಿದ್ದನಂತೆ.

ಆರನೆಯ ಸಲ ಬಂದವನನ್ನು ಅವತ್ತು ಅವಳು ಓಡಿಸಲಿಲ್ಲ. ಗಡುವಿಗೆ ಇನ್ನು ಹತ್ತೇ ದಿನ. "ಬನ್ನಿ, ನೋಡ್ಕೊಂಡು ಹೋಗಿ. ಮುಟ್ಟಬೇಡಿ," ಎಂದು ಮನೆಯ ಹಿಂದಿನ ಅಂಗಳಕ್ಕೆ ಕರೆದೊಯ್ದಳು.

ಅವನು ಮುಟ್ಟಲಿಲ್ಲ. ಕರೆಯಲೂ ಇಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು, ಬೇರೆ ಕಡೆ ನೋಡುತ್ತಾ, ಸುಮ್ಮನಿದ್ದ. ಗಂಡಸರು ಅಷ್ಟು ಹೊತ್ತು ಏನೂ ಮಾಡದೆ ಕೂರುವುದನ್ನು ಸುನಂದ ನೋಡಿರಲಿಲ್ಲ. ಕಾಲು ಗಂಟೆಯಾದ ಮೇಲೆ ನೀಲಂ ಮೂಲೆಯಿಂದ ಎದ್ದು, ಅರ್ಧ ಸುತ್ತು ಬಂದು, ಅವನ ಪಾದ ಮೂಸಿತು. ಆಮೇಲೆ ಗದ್ದವನ್ನು ಅವನ ಪಾದದ ಮೇಲಿಟ್ಟು ಮಲಗಿತು.

ಅವನ ಕಿವಿಯ ಪಕ್ಕದ ನರೆಯೂ, ಮಾಸಿದ ಕಾಲರನ್ನು ತಾನೇ ತಿರುಗಿಸಿ ಹೊಲಿದುಕೊಂಡ ದಪ್ಪ ಹೊಲಿಗೆಯೂ ಅವಳಿಗೆ ಕಂಡವು. ಹೆಂಡತಿ ತೀರಿಕೊಂಡು ಆರು ವರ್ಷವಂತೆ.

"ಕಾಫಿ ಕುಡೀತೀರಾ?" ಎಂದಳು. ಕೇಳಿದ್ದು ತಾನೇ ಹೌದೋ ಅಲ್ಲವೋ ಎನಿಸಿತು.

ಲೋಟ ಕೈಗೆ ತೆಗೆದುಕೊಂಡವನು ಕುಡಿಯದೆ ಕೆಳಗಿಟ್ಟ.

"ಒಂದು ಮಾತು ಹೇಳ್ಬೇಕು. ಹೇಳ್ದೆ ಇದನ್ನ ಕರ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ." ಅವನು ನಾಯಿಯನ್ನೇ ನೋಡುತ್ತಿದ್ದ. "ನನಗೆ ಕೇಳಿಸ್ತಿತ್ತು ಮೇಡಂ."

"ಏನು?"

"ಇದು ಬೊಗಳ್ತಿದ್ದಿದ್ದು. ನಮ್ಮನೆ ರಸ್ತೆ ಈಚೆ, ತೋಟ ಆಚೆ. ಫಸಲು ಗುತ್ತಿಗೆಗೆ ಕೊಟ್ಟ ಮೇಲೆ ಯಜಮಾನ ತೋಟಕ್ಕೆ ಕಾಲಿಡಬಾರದು. ನಮ್ಮಪ್ಪನ ಕಾಲದಿಂದ ಹಂಗೇ. ಕಾಲಿಟ್ಟರೆ ಗುತ್ತಿಗೆಯವನನ್ನ ಕಳ್ಳ ಅಂದಂಗೆ. ಮುಗಿದ ಮೇಲೆ ಅವನೇ ಒಂದು ಬುಟ್ಟಿ ಹಣ್ಣು ತಂದಿಟ್ಟು 'ತೋಟ ಬಿಟ್ಟಿದೀವಿ' ಅಂತಾನೆ. ಆಮೇಲೇ ಅದು ನಮ್ಮದು. ಈ ಸಲ ಬುಟ್ಟಿ ಬರಲಿಲ್ಲ. ಅವರು ಇನ್ನೂ ಒಳಗೇ ಇದ್ದಾರೆ ಅಂದ್ಕೊಂಡೆ."

"ಎಷ್ಟು ದಿನ?"

"ಹನ್ನೆರಡು. ಕೊನೇ ಮೂರು ದಿನ ಕೇಳಿಸಲಿಲ್ಲ. ಸದ್ಯ, ಸುಮ್ಮನಾಯ್ತು ಅಂದ್ಕೊಂಡೆ."

ಸುನಂದ ಎದ್ದು ನಿಂತಳು.

"ಸುಮ್ಮನಾಯ್ತು! ಬುಟ್ಟಿ ಬರಲಿ ಅಂತ ಕಾಯ್ತಾ ಕೂತಿದ್ರಾ? ಹನ್ನೆರಡು ದಿನ? ಮರ್ಯಾದೆ, ಅಲ್ವಾ? ಯಾರ ಮರ್ಯಾದೆ ರೀ ಅದು? ಎದ್ದು ನಡೀರಿ. ಇನ್ನೊಂದು ಸಲ ಈ ಕಡೆ ತಲೆ ಹಾಕಿದ್ರೆ ಹಾಲಿನ ಕ್ಯಾನ್ ತಗೊಂಡು ಹೊಡೀತೀನಿ."

ಅವನು ಪಾದವನ್ನು ಮೆಲ್ಲಗೆ ಬಿಡಿಸಿಕೊಂಡ. ಬೈಕು ಹತ್ತಿ ಹೋದ. ಅವನು ವಾದಿಸಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾಲೂರಿನಲ್ಲಿ ಅವಳ ಸಂಸಾರವಿದ್ದದ್ದು ಒಂದೇ ಗೋಡೆಯ ಎರಡು ಮನೆಗಳಲ್ಲಿ ಒಂದರಲ್ಲಿ. ಒಂಬತ್ತು ವರ್ಷ. ಪೆಟ್ಟಿಗೆ ಕಟ್ಟಿಕೊಂಡು ಹೊರಟ ದಿನ ಪಕ್ಕದ ಮನೆಯಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಎಲ್ಲಾ ಕೇಳಿಸ್ತಿತ್ತಮ್ಮ. ಗಂಡ ಹೆಂಡ್ತಿ ವಿಷಯ, ಮಧ್ಯೆ ಬರೋದು ಹೆಂಗೆ ಅಂತ..." ಎಂದಿದ್ದಳು. ಹೊಡೆದವನನ್ನು ಸುನಂದ ಮರೆತರೂ ಮರೆತಾಳು. ಆ ಕಣ್ಣೀರನ್ನು ಮರೆಯಲಾರಳು. ಕೊನೆಕೊನೆಗೆ ಅವಳೂ ಕೂಗುವುದನ್ನು ನಿಲ್ಲಿಸಿದ್ದಳು. ಆಗ ಗೋಡೆಯಾಚೆಯವರೂ 'ಸದ್ಯ' ಎಂದುಕೊಂಡಿರಬೇಕು.

ಒಂದು ವಾರ ಅವಳು ಹಾಲು ಹಾಕುವವರ ಮೇಲೆಲ್ಲ ಹರಿಹಾಯ್ದಳು. ಮುನಿರಾಮಪ್ಪನಂತೂ ಕ್ಯಾನನ್ನು ದೂರದಲ್ಲೇ ಇಟ್ಟು, "ಇವತ್ತು ಹಾಲಿಗಿಂತ ಅಮ್ಮಾವ್ರೇ ಜಾಸ್ತಿ ಕಾದಿದ್ದಾರಪ್ಪೋ," ಎಂದ. ನಗು ಎದ್ದಿತು. ಆಮೇಲೆ ಅವನೇ ಹೇಳಿದ, "ಆ ಚಂದ್ರಮೋಹನಂಗೂ ತಲೆ ಕೆಟ್ಟದೆ. ಈ ಸಲ ತೋಟಕ್ಕೆ ನಾಯಿ ಕಟ್ಟಂಗಿಲ್ಲ, ದಿನಾ ಸಂಜೆ ನಾನು ಒಳಗೆ ಬಂದು ನೋಡ್ತೀನಿ ಅಂದನಂತೆ. ಗುತ್ತಿಗೆಯವರು ಎದ್ದೇ ಹೋದ್ರು. ಊರೆಲ್ಲ ಉಗೀತಾ ಅದೆ."

ಸುನಂದ ಅವನ ಹಾಲು ಅಳೆದು ಬರೆದುಕೊಂಡಳು. ಮನೆಗೆ ಬಂದು ನೀಲಂಗೆ ಮುದ್ದೆ ಮುರಿದು ಹಾಕುತ್ತಾ ಯೋಚಿಸಿದಳು. ಫೋನು ಮಾಡಿದವರೆಲ್ಲ ಕಟ್ಟುವುದಿಲ್ಲ, ಮಗುವಿನ ಹಾಗೆ ನೋಡಿಕೊಳ್ಳುತ್ತೇವೆ ಎಂದು ಸುಳ್ಳು ಹೇಳಿದ್ದರು. ನಿಜ ಹೇಳಿ ನಾಯಿಯನ್ನು ಕಳೆದುಕೊಂಡವನು ಅವನೊಬ್ಬನೇ. ಇದೂ ಅವಳಿಗೆ ಸಿಟ್ಟು ತರಿಸಿತು. ಮನಸಾರೆ ದ್ವೇಷಿಸೋಣವೆಂದರೆ ಅದಕ್ಕೂ ಬಿಡದ ಮನುಷ್ಯ!

ಭಾನುವಾರ ಬೆಳಿಗ್ಗೆ ನೀಲಂಗೆ ಎದೆಯ ಸುತ್ತ ಬಟ್ಟೆಯ ಪಟ್ಟಿ ಕಟ್ಟಿ, ತಾನೇ ಅವನ ಮನೆಯ ಕಡೆ ನಡೆಸಿಕೊಂಡು ಹೋದಳು.

ಮೋರಿಯ ತಿರುವಿನಲ್ಲಿ ತೋಟ ಕಾಣಿಸಿತು. ಮರಗಳು ಹೂವು ಬಿಡುತ್ತಿದ್ದವು. ಗಾಳಿಗೆ ತೋಟದ ವಾಸನೆ ಬಂದದ್ದೇ ನೀಲಂ ನಿಂತಿತು. ಬಾಲ ಹೊಟ್ಟೆಯಡಿಗೆ ಹೋಯಿತು. ಮೈಯೆಲ್ಲ ನಡುಗಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ರಸ್ತೆಗೆ ಅಂಟಿ ಮಲಗಿಬಿಟ್ಟಿತು.

ಚಂದ್ರಮೋಹನ್ ಜಗಲಿಯಿಂದ ಕಂಡವನೇ ಬರಿಗಾಲಲ್ಲಿ ಓಡಿ ಬಂದ. ಹತ್ತು ಹೆಜ್ಜೆ ದೂರದಲ್ಲೇ ನಿಂತು, ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತ.

"ಇದನ್ನ ಒಳಗೆ ತರಬೇಡಿ ಮೇಡಂ," ಎಂದ. "ನನ್ನ ಮನೆ ಇದಕ್ಕಾಗಲ್ಲ."

ಸುನಂದಳಿಗೆ ರೇಗಿಹೋಯಿತು. "ಆರು ಸಲ ಕೇಳ್ಕೊಂಡು ಬಂದು ಈಗ ಆಗಲ್ಲ ಅಂತೀರಾ? ಸಂಕ್ರಾಂತಿಗೆ ಮೂರು ದಿನ ಇದೆ. ನಾನೆಲ್ಲಿಗೆ ಹೋಗ್ಲಿ ಇದನ್ನ ಕಟ್ಕೊಂಡು?"

"ಗೌನಿಪಲ್ಲೀಲಿ ಮನೆ ಹುಡುಕೋಣ. ತೋಟದ ಗಾಳಿ ಬರದ ಕಡೆ."

"ಹುಡುಕೋಣ ಅಂದ್ರೆ? ಯಾರಿಗೆ?"

"ಮೂರು ಜನಕ್ಕೆ."

"ಯಾವ ಮೂರು ಜನ?"

"ನೀಲಂ. ನೀವು." ಅವನು ಅಂಗೈ ಮಣ್ಣನ್ನು ಒರೆಸಿಕೊಂಡ. "ನೀವು ಒಪ್ಪಿದ್ರೆ ನಾನು. ಆರು ಸಲಾನೂ ಬರೀ ನಾಯಿಗೋಸ್ಕರ ಬಂದಿರಲಿಲ್ಲ. ಅದನ್ನ ಹೇಳೋ ಯೋಗ್ಯತೆ ಇರಲಿಲ್ಲ."

ಕಿವಿಯವರೆಗೂ ಬಿಸಿಯೇರಿತು ಅವಳಿಗೆ. ಅದು ಸಿಟ್ಟೋ ಬೇರೆಯೋ ವಿಂಗಡಿಸಲಾಗಲಿಲ್ಲ.

"ನಿಮ್ಮ ಮೇಲಿನ ಕೋಪ ನನಗಿನ್ನೂ ಹೋಗಿಲ್ಲ. ಹೋಗುತ್ತೆ ಅಂತಾನೂ ಅನ್ನಿಸ್ತಿಲ್ಲ."

"ಹೋಗೋದು ಬೇಡ. ಅದನ್ನೂ ಕರ್ಕೊಂಡೇ ಬನ್ನಿ. ಅದಕ್ಕೂ ಜಾಗ ಇರೋ ಮನೆ ನೋಡೋಣ."

"ನಾನು ಕೂಗಾಡಿದ್ರೆ?"

"ಬೈಸ್ಕೊಳ್ತೀನಿ. ಅಭ್ಯಾಸ ಆಗಿದೆ."

"ಕೂಗೋದು ನಿಲ್ಲಿಸಿದ್ರೆ?"

ಅವನು ತಲೆಯೆತ್ತಿ ಅವಳ ಮುಖವನ್ನು ನೋಡಿದ. ಅವಳು ಯಾರಿಗೂ ಹೇಳದ ಒಂಬತ್ತು ವರ್ಷ ಅಲ್ಲಿ ಎಷ್ಟು ಕಂಡಿತೋ ಏನೋ.

"ಓಡಿ ಬರ್ತೀನಿ," ಎಂದ. "ಯಾರನ್ನೂ ಕೇಳಲ್ಲ."

ಸುನಂದ ಮುಖ ಆಚೆ ತಿರುಗಿಸಿದಳು. ನೀಲಂ ಅವಳ ಕಾಲಿಗೆ ಒತ್ತಿಕೊಂಡು ನಿಧಾನಕ್ಕೆ ಎದ್ದು, ಬಂದ ದಾರಿಯತ್ತ ಎಳೆಯತೊಡಗಿತು.

"ಏಳ್ರಿ ಮೇಲೆ," ಎಂದು ಗದರಿದಳು, ಕಣ್ಣು ಒರೆಸಿಕೊಂಡದ್ದು ಅವನಿಗೆ ಕಾಣದ ಹಾಗೆ. "ಬರಿಗಾಲಲ್ಲಿ ಹೋಗಿ ಬಾಡಿಗೆಗೆ ಮನೆ ಕೇಳಿದ್ರೆ ಯಾರು ಕೊಡ್ತಾರೆ? ಹೋಗಿ ಚಪ್ಪಲಿ ಮೆಟ್ಕೊಂಡು ಬನ್ನಿ. ನಾವಿಬ್ರೂ ಮೋರಿ ಹತ್ರ ಕಾಯ್ತಿರ್ತೀವಿ."