ಬಟನ್ ಬಿಡಿ

ಬುಧವಾರ ಮಧ್ಯಾಹ್ನ ಟ್ರ್ಯಾಕ್ಟರ್ ಡ್ರೈವರ್ ಹೆಂಡತಿ ಸ್ಟೇಷನ್ನಿಗೆ ಬಂದಳು. ಬೆಳಿಗ್ಗೆ ಏರ್‌ಫೀಲ್ಡಲ್ಲಿ ಅವಳ ಗಂಡ ಹುಲ್ಲು ಕತ್ತರಿಸೋ ಟ್ರ್ಯಾಕ್ಟರ್ ತಗೊಂಡು ರನ್‌ವೇ ದಾಟ್ತಿದ್ದ. ಗಾಡಿ ನಡುವಲ್ಲೇ ಕೆಟ್ಟು ನಿಂತಿತು. ಫ್ಲೈಯಿಂಗ್ ಸ್ಕೂಲಿನ ಹುಡುಗಿಯೊಬ್ಬಳು ಮೊದಲ ಸಲ ಒಬ್ಬಳೇ ವಿಮಾನ ಇಳಿಸ್ತಾ ಬಂದು ಅದಕ್ಕೇ ಗುದ್ದಿದಳು. ಡ್ರೈವರ್ ಸ್ಥಳದಲ್ಲೇ ಹೋದ. ಹುಡುಗಿ ಸೊಂಟ ಮುರ್ಕೊಂಡು ಆಸ್ಪತ್ರೆ ಸೇರಿದಳು.

"ಟವರಲ್ಲಿ ಕೂತೋನು ಬಾಯಲ್ಲಿ ಏನಿಟ್ಕೊಂಡಿದ್ದ ಸಾರ್? ಇಳೀಬೇಡ ಅನ್ನೋಕೆ ಎಷ್ಟೊತ್ತು ಬೇಕು?"

ಇನ್‌ಸ್ಪೆಕ್ಟರ್ ದೂರು ಬರೆಸ್ಕೊಂಡ. ಎಫ್‌ಐಆರ್ ಆಯ್ತು. ಆರೋಪಿ ಜಾಗದಲ್ಲಿ ಟವರ್ ಕಂಟ್ರೋಲರ್ ಹೆಸರು ಬಿತ್ತು.

ಜೀಪಲ್ಲಿ ಜೊತೆಗೆ ಬಂದ ಕಾನ್‌ಸ್ಟೇಬಲ್‌ಗೆ 'ಇಂಟರ್ವಲ್' ಅಂತ ಅಡ್ಡಹೆಸರು. ಯಾವ ಕೇಸಾದ್ರೂ ಅರ್ಧಕ್ಕೇ ವಿಲನ್ ಯಾರು ಅಂತ ಹೇಳಿಬಿಡೋ ಗಿರಾಕಿ. ಟವರ್ ಮೆಟ್ಟಿಲು ಹತ್ತುವಾಗಲೇ, ಕಂಟ್ರೋಲರೇ ಸಾರ್, ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದ. ಮುಖ ನೋಡಿ ಒಳಗೆ ಹಾಕೋದಾದ್ರೆ ನಿನ್ನನ್ನ ಯಾವಾಗ್ಲೋ ಹಾಕ್ತಿದ್ದೆ ಅಂದ ಇನ್‌ಸ್ಪೆಕ್ಟರ್.

ಇನ್‌ಸ್ಪೆಕ್ಟರ್ ಕಂಟ್ರೋಲರ್ ಎದುರು ಕುರ್ಚಿ ಎಳ್ಕೊಂಡು ಕೂತ.

"ಇಳೀಬೇಡ ಅಂದ್ರಾ?"

"ಎರಡು ಸಲ ಅಂದೆ."

"ಅವಳೇನಂದ್ಲು?"

"ಏನೂ ಅನ್ಲಿಲ್ಲ. ನಾವು ಹೇಳಿದ್ದನ್ನ ಪೈಲಟ್ ತಿರುಗಿ ಹೇಳ್ಬೇಕು. ಹೇಳ್ಲಿಲ್ಲ."

ಪಂಚರ ಎದುರು ರೆಕಾರ್ಡಿಂಗ್ ಹಾಕಿಸಿ ಪಂಚನಾಮೆ ಮಾಡಿದ್ರು. ಎರಡು ಸಲ ಹೇಳಿದ್ದು ಸ್ಪಷ್ಟವಾಗಿತ್ತು. ಆದ್ರೆ ಆ ಎರಡೂ ಮಾತಿನ ಜೊತೆಜೊತೆಗೇ ಇನ್ನೊಂದು ಗಂಡಸಿನ ದನಿ: "ಮೇಲೇಳು ಪುಟ್ಟಿ, ಮೇಲೇಳು..."

ಕಂಟ್ರೋಲರ್ ಅದನ್ನ ಇನ್ನೊಂದು ಸಲ ಹಾಕಿ ಕೇಳಿದ. ಇಲ್ಲಿ ಎಲ್ಲರಿಗೂ ಒಂದೇ ಚಾನೆಲ್, ಇಬ್ಬರು ಒಟ್ಟಿಗೆ ಬಟನ್ ಒತ್ತಿದ್ರೆ ಪೈಲಟ್‌ಗೆ ಇಬ್ಬರದ್ದೂ ಕೇಳಲ್ಲ, ಬರೀ ಕಿರುಚಾಟ ಅಂತ ವಿವರಿಸಿದ. ಒತ್ತಿ ಹಿಡಿದವನಿಗಂತೂ ಬೇರೆ ಯಾರ ಮಾತೂ ಕೇಳಲ್ಲವಂತೆ.

ಈ ಸಲ ಇಂಟರ್ವಲ್ ದನಿ ಗುರುತು ಹಿಡಿದ. ದಿನಾ ಬೆಳಿಗ್ಗೆ ಅವನ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ಹೇಳೋದು ಅದೇ ದನಿ. ಬಸ್ ಸ್ಟ್ಯಾಂಡಿನ ಅನೌನ್ಸರ್. ಎಲ್ಲರ ಬಾಯಲ್ಲೂ ಮೈಕಣ್ಣ.

ಸಂಜೆ ಐದಕ್ಕೆ ಆಸ್ಪತ್ರೆ. ಹುಡುಗಿ ಸೀಲಿಂಗ್ ನೋಡ್ತಾ ಮಲಗಿದ್ದಳು. ಪಕ್ಕದಲ್ಲಿ ಅಪ್ಪ ನೀರಿನ ಲೋಟ ಹಿಡ್ಕೊಂಡು ನಿಂತಿದ್ದ.

"ಕಿವಿಗೊಟ್ಟೇ ಇದ್ದೆ ಸಾರ್," ಅಂದಳು ಹುಡುಗಿ. "ಬರೀ ಕಿರ್ ಅಂತಿತ್ತು. ನಂದೇ ಏನೋ ತಪ್ಪಿರ್ಬೇಕು."

ಮನೇಲಿ ಏನಂತ ಕರೀತಾರೆ ಅಂತ ಇನ್‌ಸ್ಪೆಕ್ಟರ್ ಕೇಳಿದ. ಪುಟ್ಟಿ ಅಂದಳು. ಅಪ್ಪ ಲೋಟ ಕೆಳಗಿಟ್ಟು, ಕರೆಯೋ ಮುಂಚೆಯೇ ಕಾರಿಡಾರಿಗೆ ಬಂದ.

ಗುಜರಿ ಅಂಗಡೀಲಿ ಹಳೇ ವೈರ್‌ಲೆಸ್ ಸೆಟ್ ಕೊಂಡಿದ್ದು, ಏರ್‌ಫೀಲ್ಡ್ ಬೇಲಿ ಆಚೆ ನಿಂತು ಟ್ರ್ಯಾಕ್ಟರ್ ನೋಡಿದ್ದು, ಎಲ್ಲಾ ಅವನೇ ಹೇಳಿದ.

"ಬಟನ್ ಒತ್ತಿ ಹಿಡಿದೇ ಇದ್ರಲ್ಲ, ಯಾಕೆ?"

"ಬಸ್ ಸ್ಟ್ಯಾಂಡಲ್ಲಿ ಹಂಗೇ ಅಲ್ವಾ ಸಾರ್. ಒತ್ತಿ ಹಿಡಿದಷ್ಟು ಹೊತ್ತೂ ಎಲ್ರಿಗೂ ಕೇಳುತ್ತೆ."

ಆಮೇಲೆ ಅವನೇ ಕೇಳಿದ: "ನಾನು ಸುಮ್ನಿದ್ದಿದ್ರೆ ಅವಳಿಗೆ ಟವರ್ ಮಾತು ಕೇಳಿಸ್ತಿತ್ತಾ?"

ತಜ್ಞರು ಹೇಳ್ಬೇಕು ಅಂದ ಇನ್‌ಸ್ಪೆಕ್ಟರ್. ಟವರಲ್ಲಿ ಕಂಟ್ರೋಲರ್ ಅದನ್ನ ಹೇಳಿಯಾಗಿತ್ತು.

ಲೈಸೆನ್ಸ್ ಇಲ್ಲದ ಸೆಟ್, ನಿರ್ಲಕ್ಷ್ಯದಿಂದ ಸಾವು: ಎರಡರ ಮೇಲೂ ಅರೆಸ್ಟ್ ಆಯ್ತು. ಊರಿನ ಬಸ್ಸುಗಳು ಹೊರಡೋದನ್ನೆಲ್ಲ ಸಾರಿದೋನು ಅವನು. ಮಗಳು ಒಬ್ಬಳೇ ಹೊರಡೋ ದಿನ ಅವಳ ದನಿ ಕೇಳ್ಬೇಕು ಅನ್ನಿಸಿತ್ತು, ಅಷ್ಟೇ. ಒಳಗೆ ಹುಡುಗಿ "ಅಪ್ಪಾ, ನೀರು" ಅಂತ ಕರೀತಿದ್ದಳು. ನರ್ಸ್ ಹೋದಳು.

ಜೀಪಲ್ಲಿ ವಾಕಿಟಾಕಿ ಕರಕರ ಅಂತು. ಇಂಟರ್ವಲ್ ಎತ್ಕೊಂಡು, ಆರೋಪಿ ಸಿಕ್ಕಿದ್ದಾನೆ, ಬರ್ತಿದ್ದೀವಿ ಅಂದ. ಬಟನ್ ಮೇಲಿನ ಬೆರಳು ಹಂಗೇ ಇತ್ತು.

ಹಿಂದಿನ ಸೀಟಿಂದ ಮೈಕಣ್ಣ ಮೆಲ್ಲಗೆ ಅಂದ, "ಬಟನ್ ಬಿಡಪ್ಪಾ. ಆ ಕಡೆಯವರೂ ಏನೋ ಹೇಳ್ತಿರ್ತಾರೆ."