ಕದ್ದು ತಿಂದ ಗೆಣಸು

ಹೊಸ್ತಿಲಾಚೆ ನಿಂತ ಗಂಡನನ್ನು ಕಂಡು ಭಕ್ತಿಯ ಎದೆ ಧಸಕ್ಕೆಂದಿತು...

ನೂರಾ ಎರಡು ದಿನದ ಮೇಲೆ ಬಂದಿದ್ದಾನೆ ಮಹಾರಾಯ, ನಿಶಾಂತ! ಕರೆದುಕೊಂಡು ಹೋಗಲಿಕ್ಕೋ, ಸಂಬಂಧ ಕಡಿದುಕೊಂಡು ಹೋಗಲಿಕ್ಕೋ?

ಬನಹಟ್ಟಿಯ ತವರಿನಲ್ಲಿ ಅವಳ ಬಾಣಂತನ. ಕೂಸಿಗೆ ಒಂದೂವರೆ ತಿಂಗಳಾದಾಗ, ಸಂಜೆಯಾದರೆ ಅವಳ ಕಣ್ಣು ಮಂಜಾಗತೊಡಗಿತ್ತು. ಮೈಯಲ್ಲಿ ಎ ಜೀವಸತ್ವ ಸಾಲದು ಎಂದು ದವಾಖಾನೆಯಲ್ಲಿ ಔಷಧ ಕೊಟ್ಟರು. ಊಟದಲ್ಲೂ ಅದು ಬೇಕು, ಇಲ್ಲದಿದ್ದರೆ ನಿನ್ನ ಹಾಲು ಕುಡಿಯುವ ಕೂಸಿಗೂ ಕೊರತೆ ಎಂದಳು ಓಣಿಯ ಆಶಾ ಕಾರ್ಯಕರ್ತೆ ನಂದಾ. ಪಪ್ಪಾಯಿ, ಕುಂಬಳಕಾಯಿ, ಸೊಪ್ಪು... ಬಾಣಂತಿಗೆ ಪಥ್ಯವೆಂದು ತಾಯಿ ಅನುಸೂಯಾ ಒಂದನ್ನೂ ಒಳಗೆ ಬಿಡಲಿಲ್ಲ. ಕಡೆಗೆ ನಂದಾ ತಂದುಕೊಟ್ಟದ್ದು ಕಿತ್ತಳೆ ತಿರುಳಿನ ಹೊಸ ತಳಿಯ ಗೆಣಸು.

ಜೈನರ ಮನೆಯಲ್ಲಿ ಗೆಣಸು! ನೆಲದೊಳಗೆ ಬೆಳೆದ ಗಡ್ಡೆಯನ್ನು ಅವರು ಮುಟ್ಟುವುದಿಲ್ಲ. ಆದರೆ ಕೂಸಿನ ಕಣ್ಣಿಗಿಂತ ನೇಮ ದೊಡ್ಡದೇ? ನಂದಾ ಬೇಯಿಸಿ ಕೊಟ್ಟದ್ದನ್ನು ಭಕ್ತಿ ಹಿತ್ತಲಲ್ಲಿ ಕೂತು ಕದ್ದು ತಿಂದಳು.

ಆ ಮುಸ್ಸಂಜೆಯೇ ನಿಶಾಂತ ಹಿತ್ತಲ ಬಾಗಿಲಿಗೆ ಬಂದ. ಅವಳ ಕೈಯಲ್ಲಿನ ಗೆಣಸು ನೋಡಿ, ಮಾತಾಡದೆ ತಿರುಗಿ ಹೋದ. ಮಂಜುಗಣ್ಣಿಗೆ ಕಂಡದ್ದು ಅವನ ಬಿಳಿ ಅಂಗಿ ಮಾತ್ರ.

'ಹೇಸಿಕೊಂಡು ಹೋದರು...' ಎಂದುಕೊಂಡಳು. ಆಮೇಲೆ ಅವನ ಫೋನು ಬಂದರೂ ಅವಳ ತಾಯಿಗೇ ಬಂತು. ಭಕ್ತಿ ಅತ್ತಳು, ಆದರೆ ಗೆಣಸು ಬಿಡಲಿಲ್ಲ.

ಈಗ ಕೂಸನ್ನು ಎದೆಗೊತ್ತಿಕೊಂಡು ಅವಳೇ ಬಾಯಿ ತೆರೆದಳು.

“ಕೂಸು ಹಾಲು ಬಿಡೂತನಕ ನಾ ಗೆಣಸು ಬಿಡೂದಿಲ್ಲರಿ. ನಿಮ್ಮ ಮನಿಗೆ ನಾ ಬ್ಯಾಡಾಗಿದ್ರ ಈಗ ಹೇಳಿಬಿಡ್ರಿ.”

ನಿಶಾಂತ ಹೆಗಲ ಚೀಲ ಇಳಿಸಿ ಅದರ ಬಾಯಿ ಬಿಚ್ಚಿದ. ಒಳಗೆ ಗೋವಿನಜೋಳದ ತೆನೆಗಳು... ಹಳದಿಯಲ್ಲ, ಕಿತ್ತಳೆ! ಅಂದು ಇಲ್ಲಿಂದ ನೇರ ನಂದಾಳ ಮನೆಗೆ ಹೋಗಿ ಎಲ್ಲ ತಿಳಿದುಕೊಂಡಿದ್ದನಂತೆ. ಎ ಜೀವಸತ್ವ ಹೆಚ್ಚಿರುವ ಈ ತಳಿಯ ಬೀಜ ಹುಡುಕಿ ತಂದು, ತನ್ನೂರು ರನ್ನ ಬೆಳಗಲಿಯ ಹೊಲದಲ್ಲಿ ಬಿತ್ತಿ, ತೆನೆ ಬಲಿಯುವವರೆಗೆ ಕಾದಿದ್ದನಂತೆ.

“ಇದು ನೆಲದ ಮ್ಯಾಲೆ ಬೆಳೀತೈತಿ,” ಎಂದ. “ನನ್ನ ಹೇಂತಿ ಕದ್ದು ತಿನ್ನೂಹಂಗ ಆತಲ್ಲ ಅಂತ ನಾಚಿಕಿ ಬಂತು ಭಕ್ತಿ. ಬರಿಗೈಲೆ ನಿನ್ನ ಮುಂದ ನಿಲ್ಲಾಕ ಆಗಲಿಲ್ಲ.”

“ಒಂದ ಮಾತು ಹೇಳಿ ಹೋಗಬಾರದಿತ್ತೇನ್ರಿ?”

“ಅಳಾಕತ್ತಿದ್ದೆ. ನೀ ನೋಡಿದಿ ಅನಕೊಂಡಿದ್ದೆ.”

ಭಕ್ತಿ ತಲೆಯೆತ್ತಿದಳು. ಇವತ್ತೂ ಅದೇ ಮುಸ್ಸಂಜೆ, ಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಆದರೂ ಬಿಸಿಲಿಗೆ ಕಪ್ಪಾದ ಅವನ ಮುಖ, ತುಂಬಿದ ಕಣ್ಣು, ಎಲ್ಲವೂ ನಿಚ್ಚಳವಾಗಿ ಕಂಡವು.

“ಆವತ್ತು ನಿಮ್ಮ ಮಾರಿ ನನಗ ಕಾಣಲೇ ಇಲ್ಲರಿ... ಇವತ್ತ ಕಾಣಾಕತ್ತೈತಿ.”

ಅವನು ತೋಳಿನಿಂದ ಕಣ್ಣೊರೆಸಿಕೊಂಡ. “ಇದನ್ನ ಒಣಗಿಸಿ ಬೀಸೂತನಕ ಗೆಣಸ ಬೇಕಲ್ಲ. ಎಷ್ಟ ಉಳದಾವು?”

“ಎರಡು.”

“ಕಟಗೊ. ನಮ್ಮ ಮನಿ ಒಲಿ ಮ್ಯಾಲೆ, ನಮ್ಮ ಅವ್ವನ ಮುಂದ, ನಾನ ಕುದಿಸಿ ಕೊಡ್ತೇನಿ. ಇನ್ನ ಕದ್ದು ತಿನ್ನಬ್ಯಾಡ.”

ಭಕ್ತಿ ಕೂಸನ್ನು ಅವನ ಕೈಗಿತ್ತಳು.

“ಹಿಡೀರಿ. ನಾ ಅರಿವಿ ಕಟ್ಟಿಕೊಂಡು ಬರ್ತೇನಿ.”